ಹತ್ತಿಕೊಳದ ಕಪ್ಪೆಮರಿ

ಟ್ಯಾಂಕರ್ ಓಡಿಸುವ ಬುರುಡೆ ಮಾವನ ಮಗಳು ಮೊಟ್ಟಮೊದಲ ಸ್ಪರ್ಧೆಯಲ್ಲಿ ಈಜುಕೊಳಕ್ಕೆ ತಲೆಕೆಳಗಾಗಿ ಹಾರಿದಾಗ ಒಂದು ಹನಿ ನೀರೂ ಆಚೆ ಚೆಲ್ಲಲಿಲ್ಲ. ಚೆಲ್ಲುವುದಿರಲಿ, ಕೊಳದಲ್ಲಿ ಮೊದಲಿದ್ದದ್ದಕ್ಕಿಂತ ಎರಡು ಕೊಡ ನೀರು ಹೆಚ್ಚಾಯಿತು. ಅಳೆದು ನೋಡಿದವರಿದ್ದಾರೆ. ಅಳೆದವರು ಈಗ ಎಲ್ಲಿ ಎಂದು ಮಾತ್ರ ಕೇಳಬೇಡಿ. ಆಶ್ಚರ್ಯಕ್ಕೆ ತೆರೆದ ಬಾಯಿ ಮುಚ್ಚಲಾಗದೆ ಇನ್ನೂ ಆಸ್ಪತ್ರೆಯಲ್ಲಿದ್ದಾರೆ.

ನಂಬಿಕೆ ಬರುತ್ತಿಲ್ಲವೇ? ಊರು ನೋಡಿದ್ದರೆ ಬರುತ್ತಿತ್ತು. ಮಳೆ ಆ ಊರಿನ ದಾರಿ ಮರೆತು ಎಷ್ಟು ಕಾಲವಾಗಿತ್ತೆಂದರೆ, ತಾತಂದಿರು ಮಳೆಯ ಸುದ್ದಿ ತೆಗೆದರೆ ಮೊಮ್ಮಕ್ಕಳು "ಆಕಾಶದಿಂದ ಬಿಟ್ಟಿ ನೀರು ಬೀಳ್ತಿತ್ತಾ? ಸುಳ್ಳು ಹೇಳೋಕೂ ಒಂದು ಮಿತಿ ಬೇಡ್ವಾ ತಾತ?" ಎಂದು ಬಿದ್ದು ಬಿದ್ದು ನಗುತ್ತಿದ್ದರು. ಬಿಸಿಲು ವರ್ಷದಿಂದ ವರ್ಷಕ್ಕೆ ಬಲಿಯುತ್ತ ಬಂದು, ಮಧ್ಯಾಹ್ನದ ಹೊತ್ತು ನೆರಳೇ ನೆರಳು ಹುಡುಕಿಕೊಂಡು ಗೋಡೆಯ ಸಂದಿಗೆ ನುಸುಳುತ್ತಿತ್ತು. ಮಾತುಗಳೂ ತಲೆಕೆಳಗಾಗಿದ್ದವು. "ನೀರು ಕುಡಿದಷ್ಟು ಸುಲಭ" ಎಂದು ಯಾರಾದರೂ ಅಂದರೆ, ಪಾಪ, ಎಷ್ಟು ಕಷ್ಟದ ಕೆಲಸವೋ ಏನೋ ಎಂದು ಕೇಳಿದವರು ಮರುಗುತ್ತಿದ್ದರು. "ಅವನು ದುಡ್ಡನ್ನ ನೀರಿನ ಹಾಗೆ ಖರ್ಚು ಮಾಡ್ತಾನೆ" ಎಂದರೆ ಅವನಂಥ ಜಿಪುಣ ಭೂಮಿಯ ಮೇಲೆ ಇನ್ನೊಬ್ಬನಿಲ್ಲ ಎಂದೇ ಅರ್ಥ.

ಬುರುಡೆ ಮಾವನ ಕೆಲಸ ದೂರದ ಕೊಳವೆಬಾವಿಗಳಿಂದ ಟ್ಯಾಂಕರ್ ತುಂಬಿಸಿಕೊಂಡು ಬರುವುದು. ದಾರಿಯುದ್ದಕ್ಕೂ ಬುರುಡೆ ಬಿಡುವುದು ಅವನ ಕಲೆ. ಟೈರಿಗೆ ಮೊಳೆ ಚುಚ್ಚಿದರೆ "ಹಾವು ಕಚ್ಚಿತು" ಎನ್ನುವವನು, ತನ್ನ ಟ್ಯಾಂಕರಿನ ಹಾರ್ನ್ ಕೇಳಿದರೆ ಸತ್ತ ಮರ ಚಿಗುರುತ್ತದೆ ಎನ್ನುವವನು. ಅಪ್ಪ ಅಮ್ಮ ಇಟ್ಟ ಹೆಸರು ಒಂದಿತ್ತು. ಊರು ಅದನ್ನು ಮರೆತು, ಆಮೇಲೆ ಅವನೂ ಮರೆತ. ಕಿರಿಯರು ಹಿರಿಯರೆನ್ನದೆ ಎಲ್ಲರಿಗೂ ಅವನು ಬುರುಡೆ ಮಾವ. ಅವನು ಹೇಳಿದ್ದನ್ನು ಯಾರೂ ನಂಬುತ್ತಿರಲಿಲ್ಲ, ಆದರೆ ಕೇಳದೆ ಯಾರೂ ಮುಂದಕ್ಕೆ ಹೋಗುತ್ತಿರಲಿಲ್ಲ.

ಅವನ ಹೆಂಡತಿ ಮನೆಯಲ್ಲೇ ಹೊಲಿಗೆ ಮಿಷನ್ ಇಟ್ಟುಕೊಂಡಿದ್ದಳು. ಗಂಡ ಊರಿಗೆಲ್ಲ ನೀರು ತಂದರೂ ಮನೆಯ ನೀರಿಗೆ ಅವಳೇ ಯಜಮಾನಿ. ಒಂದನೇ ನೀರು ಕುಡಿಯಲು ಮತ್ತು ಅಡುಗೆಗೆ. ತರಕಾರಿ ತೊಳೆದು ಅದೇ ಎರಡನೇ ನೀರಾಗಿ ಪಾತ್ರೆಗೆ. ಪಾತ್ರೆಯಿಂದ ಮೂರನೇ ನೀರಾಗಿ ನೆಲಕ್ಕೆ. ನೆಲದಿಂದ ಬಾಗಿಲ ಮುಂದಿನ ಗಿಡಕ್ಕೆ. ಆ ಮನೆಯಲ್ಲಿ ಒಂದು ಹನಿ ನಿವೃತ್ತಿಯಾಗುವ ಹೊತ್ತಿಗೆ ನಾಲ್ಕು ನೌಕರಿ ಮುಗಿಸಿರುತ್ತಿತ್ತು. ಒಮ್ಮೆ ಬುರುಡೆ ಮಾವ ಕಣ್ಣೀರು ಹಾಕಿದಾಗ ಅವಳು ತಟ್ಟೆ ಹಿಡಿದಳಂತೆ. ಇದು ಅವನೇ ಹೇಳಿದ್ದು. ಹೆಂಡತಿಯನ್ನು ಕೇಳಿದರೆ, "ಅವರು ಈರುಳ್ಳಿ ಹೆಚ್ತಿದ್ರು, ತಟ್ಟೆ ಈರುಳ್ಳಿಗೆ" ಎಂದಳು.

ಕೊಳದ ವಿಷಯಕ್ಕೆ ಬರೋಣ. ಮಳೆಗಾಲ ಇದ್ದ ಕಾಲದಲ್ಲಿ ಪುರಸಭೆಯವರು ಕಟ್ಟಿಸಿದ ಈಜುಕೊಳವೊಂದು ಊರ ನಡುವೆ ಇತ್ತು. ನೀಲಿ ಹಂಚು, ಏಣಿ, ಹಾರಲು ಹಲಗೆ, ಪಕ್ಕದಲ್ಲಿ ಚಿಕ್ಕ ಮಕ್ಕಳಿಗೆಂದು ಇನ್ನೊಂದು ಪುಟ್ಟ ಕೊಳ. ಬರ ಬಂದು ಬೀಡು ಬಿಟ್ಟಮೇಲೆ ದೊಡ್ಡ ಕೊಳವೇ ಊರಿನ ನೀರಿನ ತೊಟ್ಟಿಯಾಯಿತು. ಬುರುಡೆ ಮಾವನ ಟ್ಯಾಂಕರ್ ಅದರೊಳಕ್ಕೆ ಸುರಿಯಬೇಕು, ಜನ ಸಾಲು ನಿಂತು ಅದರಿಂದ ತುಂಬಿಕೊಳ್ಳಬೇಕು. ಆದರೆ ಜನ ಕುಡಿಯುವಷ್ಟೇ ನೀರನ್ನು ಸೂರ್ಯನೂ ಕುಡಿಯುತ್ತಿದ್ದ, ಅದೂ ಸಾಲಿನಲ್ಲಿ ನಿಲ್ಲದೆ! ಅವನ ಬಾಯಿಗೆ ಬೀಗ ಹಾಕಲು ಊರಿನವರು ಖಾಲಿ ಪ್ಲಾಸ್ಟಿಕ್ ಬಾಟಲಿಗಳಿಗೆ ಬಿರಡೆ ಬಿಗಿದು ನೀರಿನ ಮೇಲೆಲ್ಲ ತೇಲಿಬಿಟ್ಟಿದ್ದರು. ಗಾಳಿ ಬೀಸಿದರೆ ಬಾಟಲಿಗಳು ಒಂದಕ್ಕೊಂದು ತಾಗಿ ಕಟಕಟ ಎನ್ನುತ್ತಿದ್ದವು. ಚಳಿಗೆ ಕೊಳದ ಹಲ್ಲು ಕಡಿಯುತ್ತಿದೆ ಎಂದು ಬುರುಡೆ ಮಾವ ಹೇಳುತ್ತಿದ್ದ. ಚಳಿ ಎಂದರೇನು ಎಂದು ಮಕ್ಕಳು ಕೇಳುತ್ತಿದ್ದರು.

ಸಾಲಿಗೆ ಒಂದೇ ಕಾನೂನು: ಚೆಲ್ಲಿದವರು ಕೊನೆಗೆ. ಕೊಡ ತುಂಬಿಸಿಕೊಂಡು ಗೇಟು ದಾಟುವುದರೊಳಗೆ ಒಂದು ಹನಿ ನೆಲಕ್ಕೆ ಬಿತ್ತೋ, ಕೊಡ ಖಾಲಿ ಮಾಡಿ ಮತ್ತೆ ಸಾಲಿನ ಬಾಲಕ್ಕೆ. ಹೀಗಾಗಿ ಆ ಊರಿನ ಮಕ್ಕಳು ನಡೆಯಲು ಕಲಿಯುವ ಮೊದಲೇ ಚೆಲ್ಲದಿರಲು ಕಲಿಯುತ್ತಿದ್ದರು.

ಕೊಳದ ಕಾವಲಿಗೆ ಇದ್ದವಳು ಬುರುಡೆ ಮಾವನ ಅಕ್ಕ. ಒಂದು ಕಾಲಕ್ಕೆ ಅದೇ ಕೊಳದಲ್ಲಿ ಈಜು ಮತ್ತು ಹಾರುವುದು ಕಲಿಸುತ್ತಿದ್ದ ಮೇಷ್ಟ್ರಮ್ಮ, ಊರಿಗೆಲ್ಲ ಮೀನತ್ತೆ. ಕೊಳ ತೊಟ್ಟಿಯಾದರೂ ಅವಳು ಕೊರಳಿನ ಸೀಟಿ ಬಿಚ್ಚಲಿಲ್ಲ. ಮೊದಲು ಮುಳುಗುವವರಿಗೆ ಊದುತ್ತಿದ್ದಳು, ಈಗ ಚೆಲ್ಲುವವರಿಗೆ. ಕಲಿಸುವುದನ್ನೂ ಬಿಡಲಿಲ್ಲ. ಬೆಂಚಿನ ಮೇಲೆ ಹೊಟ್ಟೆ ಊರಿ, ಕೈಕಾಲು ಗಾಳಿಯಲ್ಲಿ ಆಡಿಸುತ್ತ, ಊರಿನ ಮಕ್ಕಳು ಬೆಂಚಿನಿಂದ ಬೆಂಚಿಗೆ ಈಜುತ್ತಿದ್ದರು. ಯಾರೂ ಮುಳುಗಲಿಲ್ಲ. ಹೊಟ್ಟೆಗೆ ಮರದ ಸಿಬಿರು ಮಾತ್ರ ಚುಚ್ಚುತ್ತಿತ್ತು.

ಆದರೆ ಬುರುಡೆ ಮಾವನ ಮಗಳಿಗೆ ಈಜುವುದಕ್ಕಿಂತ ಹಾರುವುದರ ಹುಚ್ಚು. ಎಲ್ಲಿ ನೋಡಿದರೂ ಮೇಲಕ್ಕೆ ಹತ್ತಿ ಕೆಳಕ್ಕೆ ಹಾರುವವಳು. ಅದಕ್ಕೇ ಅತ್ತೆ ಅವಳನ್ನು ಕಪ್ಪೆಮರಿ ಎಂದು ಕರೆದಳು, ಹೆಸರು ಅಂಟಿತು. ಪುಟ್ಟ ಕೊಳ ಬತ್ತಿ ಬಣಗುಡುತ್ತಿತ್ತಲ್ಲ, ಅದರೊಳಕ್ಕೆ ಹತ್ತಿ ತುಂಬಿಸಿದರೆ ಹೇಗೆ ಎಂದು ಮೀನತ್ತೆಗೆ ಹೊಳೆಯಿತು. ಎದುರಿನ ಅಂಗಡಿಯ ಹಾಸಿಗೆಯಣ್ಣ ಹಳೇ ಹಾಸಿಗೆ ಬಿಚ್ಚಿ, ಹತ್ತಿ ಹಿಂಜಿ ಹೊಸದು ಹೊಲಿಯುವವನು. ಹಿಂಜಿದಮೇಲೆ ಉಳಿಯುವ ಗಂಟುಗಂಟು ಹತ್ತಿಯನ್ನು ಏನು ಮಾಡುವುದೆಂದು ತಿಳಿಯದೆ ಒದ್ದಾಡುತ್ತಿದ್ದ. ಮೂಟೆಗಟ್ಟಲೆ ತಂದು ಸುರಿದ. ಮೇಲೊಂದು ಹಲಗೆ ಚಾಚಿತು. ಕಪ್ಪೆಮರಿ ಹಾರಿದಳು. ಬಿಳೀ ಧೂಳು ಆಕಾಶಕ್ಕೆದ್ದು, ಪಕ್ಕದ ಬೀದಿಯವರು ಮೋಡ ಬಂತೆಂದು ಬಕೆಟ್ ಹಿಡಿದು ಓಡಿಬಂದರು.

"ಇದು ಹಾರಿದ್ದಲ್ಲ, ಮೂಟೆ ಎಸೆದದ್ದು," ಎಂದಳು ಮೀನತ್ತೆ. "ಹತ್ತಿ ಎದ್ದರೆ ತಪ್ಪು. ಸೂಜಿ ಬಟ್ಟೆಗೆ ಹೋದ ಹಾಗೆ ಹೋಗ್ಬೇಕು."

"ಸೂಜಿಗೆ ಸೀನು ಬರಲ್ಲ ಅತ್ತೆ," ಎಂದು ಕಪ್ಪೆಮರಿ ಹತ್ತಿಯೊಳಗಿಂದ ಸೀನಿದಳು.

ದಿನವೂ ಹಾರಿದಳು. ತಲೆಗೂದಲಲ್ಲಿ ಹತ್ತಿ, ಕಿವಿಯಲ್ಲಿ ಹತ್ತಿ. ಮನೆಗೆ ಬಂದರೆ ಅವಳ ಅಮ್ಮ ಬಾಗಿಲಲ್ಲೇ ನಿಲ್ಲಿಸಿ ಕೊಡವಿ, ಕೊಡವಿದ್ದನ್ನು ದಿಂಬಿಗೆ ತುಂಬುತ್ತಿದ್ದಳು. ಉಸಿರು ಹಿಡಿಯುವುದನ್ನು ಎರಡನೇ ನೀರಿನ ಬಕೆಟ್ಟಿನಲ್ಲಿ ಮುಖ ಅದ್ದಿ ಕಲಿತಳು. "ಬೇಗ ತೆಗಿ, ಪಾತ್ರೆ ಕಾಯ್ತಿದೆ," ಎಂದು ಅಮ್ಮ ಗದರಿಕೊಳ್ಳುತ್ತಿದ್ದಳು. ಬರಬರುತ್ತ ಹತ್ತಿ ಏಳುವುದು ನಿಂತಿತು. ಕೊನೆಗೆ, ಅವಳು ಹಾರಿದಾಗ ಹತ್ತಿಯ ಮೇಲೆ ಮಲಗಿದ್ದ ಬೆಕ್ಕಿಗೂ ಎಚ್ಚರವಾಗಲಿಲ್ಲ ಎಂದು ಬುರುಡೆ ಮಾವ ಸಾರಿದ. ಬೆಕ್ಕು ಮೊದಲಿಂದಲೂ ಕಿವುಡು ಎಂದು ಹಾಸಿಗೆಯಣ್ಣ ಹೇಳಿದ.

ಆಗ ಬಂತು ಸುದ್ದಿ. ನದಿಯ ದಡದ ದೊಡ್ಡ ಊರಲ್ಲಿ ಹಾರುವ ಸ್ಪರ್ಧೆ. ಮೊದಲ ಆರು ಜನರಲ್ಲಿ ಬಂದವರಿಗೆ ಅಲ್ಲಿನ ತರಬೇತಿ ಶಾಲೆಯಲ್ಲಿ ಜಾಗ. ವರ್ಷವಿಡೀ ತುಂಬಿದ ಕೊಳ, ನಿಜವಾದ ಹಲಗೆ. ಮೀನತ್ತೆ ಇದನ್ನು ಹೇಳಿದಾಗ ಕಪ್ಪೆಮರಿ ಊಟ ಬಿಟ್ಟೆದ್ದು ನಿಂತಳು.

"ಅಪ್ಪಾ, ನನಗೆ ಹೋಗ್ಬೇಕು."

"ಹೋಗೋಣ. ಮೊದಲನೇ ಬಹುಮಾನ ತರೋಣ."

"ಮೊದಲನೇದು ಬೇಡ. ಆರನೇದು ಸಾಕು. ಹತ್ತಿಗೆ ಹಾರಿ ಹಾರಿ ಸಾಕಾಯ್ತು ಅಪ್ಪಾ. ಒಂದು ಸಲ ಹಾರಿದಮೇಲೆ ಒದ್ದೆಯಾಗ್ಬೇಕು ನನಗೆ."

ಆರನೆಯದು ಸಾಕು ಎನ್ನುವ ಮಾತು ಬುರುಡೆ ಮಾವನ ಗಂಟಲಲ್ಲಿ ಇಳಿಯಲಿಲ್ಲ. ಮರುದಿನ ಟ್ಯಾಂಕರ್‌ಗಳೆಲ್ಲ ಸಾಲುಗಟ್ಟಿ ನಿಲ್ಲುವ ಕಡೆ ಎದೆ ತಟ್ಟಿಕೊಂಡ. "ನನ್ನ ಮಗಳು ಹಾರಿದ್ರೆ ನೀರಿಗೇ ಗೊತ್ತಾಗಲ್ಲ ಕಣ್ರೋ. ಮೀನುಗಳು 'ಯಾರಾದ್ರೂ ಬಂದ್ರಾ?' ಅಂತ ಒಂದನ್ನೊಂದು ಕೇಳ್ಕೋಬೇಕು!" ಹೀಗೆ ಹೇಳಿದವನಿಗೆ ಒಳಗೊಳಗೇ ಪುಕಪುಕ. ಅವನೇ ಎಂದೂ ಮೊಣಕಾಲಿಗಿಂತ ಆಳದ ನೀರಿಗೆ ಇಳಿದವನಲ್ಲ. ಅಷ್ಟು ನೀರು ಹೊತ್ತು ತಿರುಗಿದರೂ ಎಲ್ಲವೂ ತಗಡಿನೊಳಗೆ. ಬೆಂಚಿನ ಮೇಲೆ ಈಜಿದ ಮಗು ನಿಜವಾದ ಆಳಕ್ಕೆ ಬಿದ್ದರೆ? ಹತ್ತಿ ಎತ್ತಿ ಹಿಡಿಯುತ್ತದೆ, ನೀರು ಹಿಡಿಯುತ್ತದೆಯೇ?

ಈಜುಡುಗೆ ಬೇಕಲ್ಲ! ಊರಿನ ಬಟ್ಟೆಯಂಗಡಿಯಲ್ಲಿ ಕೇಳಿದರೆ, ಅಂಗಡಿಯವನು ಬುರುಡೆ ಮಾವನ ಹೊಸ ಹಾಸ್ಯ ಎಂದುಕೊಂಡು ಹೊಟ್ಟೆ ಹಿಡಿದು ನಕ್ಕ. ಕೊನೆಗೆ ಹೆಂಡತಿ ಮನೆಯಲ್ಲಿದ್ದ ಕೊಡೆ ಬಿಚ್ಚಿ, ಕಡ್ಡಿ ಬೇರೆ ಮಾಡಿ, ಆ ಬಟ್ಟೆಯಲ್ಲೇ ಹೊಲಿದಳು. ನೀರು ಒಳಗೆ ಬರಬಾರದೆಂದು ಮಾಡಿದ ಬಟ್ಟೆ ತೊಟ್ಟು ನೀರೊಳಗೆ ಇಳಿಯುವವಳು ಲೋಕದಲ್ಲಿ ತನ್ನ ಮಗಳೊಬ್ಬಳೇ ಎಂದು ಬುರುಡೆ ಮಾವ ಅದಕ್ಕೂ ಬೀಗಿದ.

ಟ್ಯಾಂಕರಿನಲ್ಲೇ ಹೊರಟರು. ಹೇಗೂ ಹಿಂದಿರುಗುವಾಗ ಅಲ್ಲಿಂದ ತುಂಬಿಸಿಕೊಂಡು ಬರಬಹುದು. ಮುಂದೆ ಬುರುಡೆ ಮಾವ, ಮೀನತ್ತೆ, ನಡುವೆ ಕಪ್ಪೆಮರಿ; ಹೆಂಡತಿ ಹೊಲಿಗೆ ಮುಗಿಸಿಕೊಡಬೇಕಾದ ಬಟ್ಟೆಗಳಿವೆಯೆಂದು ಊರಲ್ಲೇ ಉಳಿದಳು. ದಾರಿ ಸಾಗಿದಂತೆ ನೆಲದ ಬಣ್ಣ ಬದಲಾಯಿತು. ಒಂದು ತಿರುವಿನಲ್ಲಿ ಹೆಂಗಸೊಬ್ಬಳು ಅಂಗಳಕ್ಕೆ ಬಕೆಟ್ ನೀರನ್ನು ಸುಮ್ಮನೆ ಎರಚಿದ್ದು ಕಂಡು ಮೂವರೂ ಒಟ್ಟಿಗೆ "ಅಯ್ಯಯ್ಯೋ!" ಎಂದರು. ಮೀನತ್ತೆಯ ಕೈ ತಾನಾಗಿ ಸೀಟಿಗೆ ಹೋಯಿತು, ಪೀ ಎಂದು ಊದಿಯೇಬಿಟ್ಟಳು. ಹೆಂಗಸು ಇನ್ನೂ ಅದನ್ನೇ ಯೋಚಿಸುತ್ತಿರಬಹುದು.

ಸ್ಪರ್ಧೆಯ ಹಿಂದಿನ ದಿನ ಮಧ್ಯಾಹ್ನ ಕೊಳ ತಲುಪಿದರು. ಹಲಗೆಗೆ ಹೊಸ ರಬ್ಬರ್ ಅಂಟಿಸಿ ಒಣಗಲು ಬಿಟ್ಟಿದ್ದರಿಂದ ಅವತ್ತು ಯಾರೂ ಹಾರುವಂತಿಲ್ಲ, ಈಜಬಹುದು ಅಷ್ಟೇ. ಗೇಟಿನೊಳಗೆ ಕಾಲಿಟ್ಟವಳೇ ಕಪ್ಪೆಮರಿ ನಿಂತುಬಿಟ್ಟಳು. ಎದುರಿಗೆ ಬಾಟಲಿಯಿಲ್ಲದ, ಮುಚ್ಚಳವಿಲ್ಲದ, ಬರೀ ನೀರು. ಆಕಾಶ ಕೆಳಗೆ ಬಿದ್ದು ಒಡೆಯದೆ ಉಳಿದ ಹಾಗೆ.

"ಸಾಲು ಎಲ್ಲಿಂದ ಶುರು ಅತ್ತೆ?" ಎಂದಳು.

"ಸಾಲಿಲ್ಲ ಕಣೆ ಇಲ್ಲಿ. ಇಳಿ."

ಕಪ್ಪೆಮರಿ ಚಪ್ಪಲಿ ಬಿಟ್ಟಳು, ಕಾಲು ನೋಡಿಕೊಂಡಳು, ಮತ್ತೆ ಚಪ್ಪಲಿ ಮೆಟ್ಟಿದಳು. "ಇಷ್ಟು ಜನದ ಕುಡಿಯೋ ನೀರಿಗೆ ಕಾಲು ಹಾಕೋದಾ? ನಾನು ಹಾಕಲ್ಲ."

"ಯಾರೂ ಕುಡಿಯಲ್ಲ ಇದನ್ನ."

"ಮತ್ತೆ ಯಾಕಿಟ್ಟಿದಾರೆ?"

ಇಡೀ ಆಯುಷ್ಯ ಈಜು ಕಲಿಸಿದ ಮೀನತ್ತೆ ಕೊರಳಿನ ಸೀಟಿಯನ್ನು ಸೆರಗಿನಿಂದ ಒರೆಸತೊಡಗಿದಳು. ಅತ್ತ ಬೇರೆ ಊರಿನ ಮಕ್ಕಳು ಧಬಧಬ ಬಿದ್ದು ಎದ್ದು ಗಲಾಟೆ ಮಾಡುತ್ತಿದ್ದರು. ಅವರು ಚೆಲ್ಲಿದ ನೀರು ಹಂಚಿನ ಮೇಲೆ ಹರಿದು ಚರಂಡಿಗೆ ಹೋಗುವುದನ್ನು ನೋಡಲಾರದೆ ಕಪ್ಪೆಮರಿ ಕಣ್ಣು ಮುಚ್ಚಿಕೊಂಡಳು. ಇಷ್ಟು ದೂರ ಬಂದು, ಹತ್ತಿಯೊಳಗೆ ವರ್ಷಗಟ್ಟಲೆ ಸೀನಿ, ದಡದಲ್ಲೇ ಎಲ್ಲ ಮುಗಿಯಿತು ಎಂದುಕೊಂಡ ಬುರುಡೆ ಮಾವ. ನಿಜ ಹೇಳಬೇಕೆಂದರೆ, ಎದೆಯ ಒಂದು ಮೂಲೆಗೆ ಹಾಯೆನಿಸಿತು ಕೂಡ. ಹಾರದಿದ್ದರೆ ಮುಳುಗುವುದೂ ಇಲ್ಲವಲ್ಲ! ಆದರೆ ಮಗಳ ಮುಖ ನೋಡಿದ. ಅಳು ಬಂದರೂ ಅವಳು ಅಳುತ್ತಿರಲಿಲ್ಲ. ಅವಳ ಊರಿನ ಮಕ್ಕಳು ಸುಮ್ಮಸುಮ್ಮನೆ ಅಳುವುದಿಲ್ಲ. ಅದೂ ನೀರೇ.

ಅವನು ಬಗ್ಗಿ ಬೊಗಸೆಯಲ್ಲಿ ಕೊಳದ ನೀರು ಎತ್ತಿ ಅವಳ ಬಾಯಿಯ ಹತ್ತಿರ ಹಿಡಿದ. "ಕುಡಿದು ನೋಡು."

ಕಪ್ಪೆಮರಿ ಒಂದು ಗುಟುಕು ಹೀರಿ ಮುಖ ಕಿವುಚಿದಳು. "ಥೂ! ಕಹಿ! ಬರೀ ಬ್ಲೀಚಿಂಗ್ ಪುಡಿ ವಾಸನೆ!"

"ಹೇಗಿದೆ?"

"ಕೆಟ್ಟಿದೆ ಅಪ್ಪಾ! ಯಾರೂ ಕುಡಿಯೋಕಾಗಲ್ಲ!" ಎಂದವಳ ಮುಖ ಅರಳಿಬಿಟ್ಟಿತು. ನೀರು ಕೆಟ್ಟಿದೆ ಎಂದು ಅಷ್ಟು ಸಂತೋಷಪಟ್ಟವರನ್ನು ಆ ಕೊಳ ಕಂಡಿರಲಿಲ್ಲ. ಚಪ್ಪಲಿ ಎತ್ತ ಹಾರಿತೋ, ಮೆಟ್ಟಿಲಿಳಿದು ಸೊಂಟದವರೆಗೆ, ಎದೆಯವರೆಗೆ, ಕೊರಳವರೆಗೆ. ಬೆಂಚಿನ ಮೇಲೆ ಕಲಿತ ಕೈಕಾಲುಗಳು ಒಂದೆರಡು ಗಳಿಗೆ ಬೆಂಚು ಹುಡುಕಿದವು. ಸಿಗಲಿಲ್ಲ. ಸಿಗದಿದ್ದರೂ ನಡೆಯುತ್ತದೆಂದು ಅವಕ್ಕೇ ತಿಳಿಯಿತು. ಕತ್ತಲಾಗುವವರೆಗೂ ಅವಳನ್ನು ಮೇಲೆತ್ತಲು ಆಗಲಿಲ್ಲ. "ಅತ್ತೆ, ಸಿಬಿರೇ ಇಲ್ಲ!" ಎಂದು ಕೂಗುತ್ತ ಅತ್ತಿಂದಿತ್ತ ಈಜಿದಳು.

ಮಾರನೆಯ ದಿನದ ಸ್ಪರ್ಧೆಯನ್ನು ಹೇಗೆ ಬಣ್ಣಿಸುವುದು! ಸಾವಿರ ಜನ, ಅಲ್ಲ, ಲಕ್ಷ ಜನ. ಒಬ್ಬೊಬ್ಬರಿಗೂ ಮೂರು ಸಲ ಹಾರುವ ಅವಕಾಶ. ನೀರು ಎಷ್ಟು ಕಡಿಮೆ ಚಿಮ್ಮುತ್ತದೋ ಅಷ್ಟು ಹೆಚ್ಚು ಅಂಕ ಎಂದು ಮೀನತ್ತೆ ವಿವರಿಸಿದಾಗ ಬುರುಡೆ ಮಾವ ತೊಡೆ ತಟ್ಟಿದ. ಚೆಲ್ಲದಿದ್ದರೆ ಬಹುಮಾನ! ಇದು ನಮ್ಮ ಊರಿಗಾಗಿಯೇ ಮಾಡಿದ ಆಟ! ಕೊಡೆಬಟ್ಟೆಯ ಕಪ್ಪೆಮರಿ ಹಲಗೆ ಏರಿದಳು. ಮೊದಲನೇ ಸಲ ಬಾಣದಂತೆ ಹೋದಳು. ತೀರ್ಪುಗಾರರು "ಇನ್ನೂ ಯಾಕೆ ಹಾರಿಲ್ಲ?" ಎಂದು ಕೇಳಿದರು. ಅವಳು ಆ ಹೊತ್ತಿಗೆ ಮೇಲೆ ಬಂದು ತಲೆ ಒರೆಸಿಕೊಳ್ಳುತ್ತಿದ್ದಳು. ಎರಡನೇ ಸಲ ಅವಳು ಹೊಕ್ಕ ಜಾಗದಲ್ಲಿ ನೀರು ಮುರಿಯಲೇ ಇಲ್ಲ. ಎಲ್ಲಾದರೂ ಹನಿ ಚಿಮ್ಮಿದೆಯೇ ಎಂದು ಹುಡುಕಲು ತೀರ್ಪುಗಾರರು ಭೂತಗನ್ನಡಿ ತರಿಸಿದರು. ಮೂರನೇ ಸಲ ಮುಂದಕ್ಕೆ ಓಡಿ, ಜಿಗಿದು, ಗಾಳಿಯಲ್ಲಿ ಏಳು ಪಲ್ಟಿ ಹೊಡೆದು, ನಡುವೆ ಅಪ್ಪನಿಗೆ ಕೈಬೀಸಿ, ಸೂಜಿಯಂತೆ ಇಳಿದಳು. ಕೊಳಕ್ಕೆ ಎರಡು ಕೊಡ ನೀರು ಹೆಚ್ಚಾದದ್ದು ಆಗಲೇ. ಮೊದಲನೇ ಬಹುಮಾನ! ಬಂಗಾರದ ಕಪ್!

"ಕಪ್ ಎಲ್ಲಿ ಮಾವ?" ಎಂದ ಹಾಸಿಗೆಯಣ್ಣ.

ಇಲ್ಲಿಯವರೆಗಿನ ಸ್ಪರ್ಧೆಯ ಕಥೆಯನ್ನು ಬುರುಡೆ ಮಾವ ಹೇಳುತ್ತಿದ್ದದ್ದು ಊರಿಗೆ ಮರಳಿದ ಬೆಳಿಗ್ಗೆ, ಬಾಟಲಿ ತೇಲುವ ಕೊಳದ ದಂಡೆಯ ಮೇಲೆ, ನದಿಯ ನೀರು ತುಂಬಿದ ಟ್ಯಾಂಕರಿನ ಮೆಟ್ಟಿಲೇರಿ ನಿಂತು. ದಪ್ಪ ಪೈಪಿನಿಂದ ನೀರು ಕೊಳಕ್ಕೆ ಸುರಿಯುತ್ತಿತ್ತು. ಸಾಲು ಸಾಲಾಗಿರಲಿಲ್ಲ, ಎಲ್ಲರೂ ಅವನ ಸುತ್ತ ಮುತ್ತಿದ್ದರು.

"ಕಪ್ಪಾ? ಬಾಗಿಲಲ್ಲಿ ಹಿಡಿಸಲಿಲ್ಲ ಕಣಯ್ಯಾ. ಗೋಡೆ ಒಡೆದು ಕಳಿಸ್ತಾರಂತೆ."

ಪೀ! ಮೀನತ್ತೆಯ ಸೀಟಿ. "ಲೋ ತಮ್ಮಾ, ಬಹಳ ಚೆಲ್ತಾ ಇದೀಯ. ಸಾಲಿನ ಕೊನೆಗೆ ಹೋಗು."

ಜನ ಗೊಳ್ಳೆಂದರು. ಬುರುಡೆ ಮಾವ ಮೆಟ್ಟಿಲಿಂದ ಇಳಿಯಲಿಲ್ಲ. "ಅಕ್ಕಾ, ನೀನೇ ಹೇಳು, ಮೊದಲನೇ ಸಲ ಒಂದು ಹನಿ ಚೆಲ್ಲಿತಾ?"

"ಒಂದು ಹನಿಯಾ? ಅರ್ಧ ಕೊಳ ಚೆಲ್ಲಿತು!" ಎಂದಳು ಮೀನತ್ತೆ. "ಹಲಗೆ ತುದಿಗೆ ಹೋಗಿ, ಚೆಲ್ಲಿಬಿಟ್ರೆ ಅಂತ ಹೆದರಿ, ಅರ್ಧ ಹಾರಿ ಅರ್ಧ ನಿಂತಳು. ಬಿದ್ದಳು ನೋಡಿ ಹೊಟ್ಟೆ ಅಡಿಯಾಗಿ. ಒಬ್ಬ ತೀರ್ಪುಗಾರನ ಪ್ಯಾಂಟು ಮೊಣಕಾಲವರೆಗೆ ತೊಪ್ಪೆ. ಇವಳು ಎದ್ದು ಬಂದು ಏನು ಮಾಡಿದಳು ಗೊತ್ತಾ? 'ತಪ್ಪಾಯ್ತು ಸಾರ್' ಅಂತ ಬಗ್ಗಿ, ಆ ಪ್ಯಾಂಟನ್ನ ಅವನ ಕಾಲಲ್ಲಿರೋ ಹಾಗೇ ಹಿಂಡಿ, ಆ ನೀರನ್ನ ಬೊಗಸೇಲಿ ಹಿಡಿದು ಕೊಳಕ್ಕೆ ವಾಪಸ್ಸು ಹಾಕಿದಳು!"

ಆ ಊರಿನವರಿಗೆ ಅದರಲ್ಲಿ ನಗುವಂಥದ್ದೇನೂ ಕಾಣಲಿಲ್ಲ. "ಸರಿಯಾಗೇ ಮಾಡಿದಳಲ್ಲ!" ಎಂದಳು ಗುಂಪಿನಲ್ಲಿದ್ದ ಒಬ್ಬ ಅಜ್ಜಿ. "ಮತ್ತೇನು, ಹಾಗೇ ಬಿಡೋಕಾಗುತ್ತಾ?" ಎಂದ ಹಾಸಿಗೆಯಣ್ಣ.

"ಅಲ್ಲಿನವರು ಮಾತ್ರ ಎದ್ದು ನಿಂತು ಚಪ್ಪಾಳೆ ಹೊಡೆದರು," ಎಂದಳು ಮೀನತ್ತೆ. "ಆ ತೀರ್ಪುಗಾರ ನಕ್ಕೂ ನಕ್ಕೂ ಕುರ್ಚಿಯಿಂದ ಬೀಳೋದಿತ್ತು. ಆದ್ರೆ ಅಂಕ ಅಂದ್ರೆ ಅಂಕ. ಕೊಡಲಿಲ್ಲ."

ಬುರುಡೆ ಮಾವನ ಹೆಂಡತಿ ಸೊಂಟದ ಮೇಲೆ ಕೊಡವಿಟ್ಟುಕೊಂಡು ಮುಂದೆ ಬಂದಳು. "ರೀ, ಇದೆಲ್ಲ ಬಿಡಿ. ನನ್ನ ಮಗಳಿಗೆ ಜಾಗ ಸಿಕ್ತೋ ಇಲ್ವೋ? ಬಂದಾಗಿಂದ ನೀವು ಕಪ್ಪಿನ ಸುದ್ದೀನೇ ಹೇಳ್ತಿದೀರಿ, ಇವಳೋ ನಿದ್ದೆ ಹೊಡೀತಿದ್ದಳು. ನೆಟ್ಟಗೆ ಒಂದು ಮಾತು ಹೇಳ್ರಿ."

ಅಷ್ಟರಲ್ಲಿ ಕಪ್ಪೆಮರಿ ಕಣ್ಣುಜ್ಜಿಕೊಳ್ಳುತ್ತ ಗೇಟಿನೊಳಗೆ ಬಂದಳು. ಕೂದಲು ಇನ್ನೂ ಒದ್ದೆಯ ಸುಖ ಮರೆಯದ ಹಾಗೆ ನೆತ್ತಿಗಂಟಿತ್ತು. ಬುರುಡೆ ಮಾವನಿಗೆ ಹೋದ ಜೀವ ಬಂದಂತಾಯಿತು. "ಬಾ ಮಗಳೇ, ಹೇಳು ಇವರಿಗೆ! ಮೂರನೇ ಸಲ ನೀನು ಸೂಜಿ ಹಾಗೆ ಇಳಿದದ್ದು, ನಾನು ಕಣ್ಣಾರೆ ಕಂಡದ್ದು!"

"ಕಣ್ಣಾರೆ ಕಂಡ್ಯಾ ಅಪ್ಪಾ?"

"ಮತ್ತೆ? ಕಣ್ಣು ಮಿಟುಕಿಸದೆ."

"ಹಾಗಾದ್ರೆ ಹೇಳು, ಮೂರನೇ ಸಲ ನಾನು ಮುಂದಕ್ಕೆ ಹಾರಿದ್ನೋ, ಹಿಂದಕ್ಕೋ?"

"ಇದೇನು ಪ್ರಶ್ನೆ! ಮುಂದಕ್ಕೆ ಓಡಿ, ಜಿಗಿದು..."

"ಹಿಂದಕ್ಕೆ," ಎಂದಳು ಕಪ್ಪೆಮರಿ. "ಹಲಗೆ ತುದೀಲಿ ನೀರಿಗೆ ಬೆನ್ನು ಮಾಡಿ ನಿಂತಿದ್ದೆ. ನಿನ್ನ ಕಡೆಗೇ ನೋಡ್ತಾ ನಿಂತಿದ್ದೆ ಅಪ್ಪಾ."

ಬುರುಡೆ ಮಾವ ಬಾಯಿ ತೆರೆದ. ಯಾವ ಬುರುಡೆಯೂ ಬರಲಿಲ್ಲ. ಜೀವಮಾನದಲ್ಲಿ ಮೊದಲ ಸಲ ಅವನ ಬಾಯಿಯಲ್ಲಿ ಬರಗಾಲ ಬಂದಿತ್ತು. ಮೆಲ್ಲಗೆ ಇಳಿದು ಕೆಳಗಿನ ಮೆಟ್ಟಿಲ ಮೇಲೆ ಕುಳಿತ.

"ನೋಡ್ಲಿಲ್ಲ," ಎಂದ. "ಕಣ್ಣು ಮುಚ್ಕೊಂಡಿದ್ದೆ. ಮೂರು ಸಲಾನೂ."

"ನಿಜವಾಗ್ಲೂ?" ಎಂದಳು ಹೆಂಡತಿ.

"ಅಷ್ಟು ಎತ್ತರ, ಕೆಳಗೆ ಅಷ್ಟು ನೀರು. ಮಗು ಮುಳುಗಿಬಿಟ್ರೆ ಅಂತ. ಪಲ್ಟಿ ಗಿಲ್ಟಿ ಏನೂ ನನಗೆ ಗೊತ್ತಿಲ್ಲ. ಕಪ್ಪೂ ಇಲ್ಲ. ಮೊದಲನೇದೂ ಅಲ್ಲ. ಆರನೇದು. ಕೊನೇ ಜಾಗ. ಆದ್ರೆ ಸಿಕ್ತು. ಮುಂದಿನ ತಿಂಗಳು ಸೇರ್ಕೊಳ್ಳಬೇಕು. ಇದು ಮಾತ್ರ ಸುಳ್ಳಲ್ಲ, ಅಕ್ಕನ್ನ ಕೇಳಿ."

ಮೀನತ್ತೆ ತಲೆಯಾಡಿಸಿದಳು. ಹೆಂಡತಿ ಕೊಡ ಕೆಳಗಿಟ್ಟು ಮಗಳನ್ನು ಬರಸೆಳೆದು ಅಪ್ಪಿಕೊಂಡಳು. ಅಜ್ಜಿ ಕೇಕೆ ಹಾಕಿದಳು. ಹಾಸಿಗೆಯಣ್ಣ "ನನ್ನ ಹತ್ತಿ! ನನ್ನ ಹತ್ತಿಯ ಹುಡುಗಿ!" ಎಂದು ಕುಣಿದ. ಕುಣಿತಕ್ಕೆ ಯಾರದೋ ಕೊಡ ಉರುಳಿತು, ಸೀಟಿ ಮಾತ್ರ ಊದಲಿಲ್ಲ. ಮೀನತ್ತೆ ಸೀಟಿ ಬಾಯಲ್ಲಿಟ್ಟುಕೊಂಡೇ ನಗುತ್ತಿದ್ದಳು.

ಗಲಾಟೆ ತಣ್ಣಗಾಗಲು ಕಾದು ಕಪ್ಪೆಮರಿ ಅಪ್ಪನ ಪಕ್ಕ ಮೆಟ್ಟಿಲ ಮೇಲೆ ಕುಳಿತಳು. "ಹಾಗಾದ್ರೆ ನಾನು ಚೆನ್ನಾಗಿ ಹಾರಿದೆ ಅಂತ ನಿನಗೆ ಗೊತ್ತೇ ಇಲ್ಲ."

"ಗೊತ್ತು."

"ಕಣ್ಣು ಮುಚ್ಕೊಂಡು ಹೇಗೆ ಗೊತ್ತಾಗುತ್ತೆ?"

"ಮೊದಲನೇ ಸಲ ಧಡಾರ್ ಅಂತು. ಹೋದಳು ನನ್ನ ಮಗಳು ಅನ್ಕೊಂಡೆ. ಎರಡನೇ ಸಲ ಫಳಕ್ ಅಂತು, ಅಷ್ಟೇ. ಮೂರನೇ ಸಲ ಹಲಗೆ ಕಿರ್ ಅಂದದ್ದು ಕೇಳಿಸ್ತು. ಆಮೇಲೆ ಕಾದೆ. ಸದ್ದಿಲ್ಲ. ಮತ್ತೂ ಕಾದೆ. ಏನೂ ಇಲ್ಲ. ನೀನು ಹೆದರಿ ಹಾರಲೇ ಇಲ್ಲ ಅನ್ನಿಸ್ತು. ಪರವಾಗಿಲ್ಲ, ಇಳಿದು ಬಾ ಮಗಳೇ ಅಂತ ಕೂಗೋಣ ಅಂತ ಕಣ್ಣು ಬಿಟ್ಟೆ. ಹಲಗೆ ಮೇಲೆ ನೀನಿರಲಿಲ್ಲ. ಕೆಳಗೆ ಏಣಿ ಹಿಡ್ಕೊಂಡು ನಗ್ತಿದ್ದೆ."

ಕಪ್ಪೆಮರಿ ಅಪ್ಪನ ಭುಜಕ್ಕೆ ತಲೆ ಒರಗಿಸಿದಳು. "ಇಷ್ಟು ಚೆನ್ನಾಗಿದೆ. ಇದನ್ನೇ ಮೊದಲು ಹೇಳಬಾರದಿತ್ತಾ?"

"ಇದನ್ನ ಹೇಳಿದ್ರೆ," ಎಂದ ಬುರುಡೆ ಮಾವ, "ಯಾರು ನಂಬ್ತಾರೆ ಮಗಳೇ?"